ಇನ್ನೂರ ಹದಿನಾಲ್ಕು ತಪ್ಪುಗಳ ಒಪ್ಪೋಲೆ

ಭಾನುವಾರ, ತಾರೀಕು ೧೭
ಮಧ್ಯಾಹ್ನ ಎರಡು ಗಂಟೆ

ಗುಬ್ಬೀ,

ನಿನ್ನ ಹೆಸರಿನ ಮುಂದೆ ಗೀಚಿ ಕಪ್ಪಾಗಿರುವ ಜಾಗದಲ್ಲಿ ‘ಪ್ರೀತಿಯ’ ಎಂದಿತ್ತು. ಬರೆದ ಮೇಲೆ ಹೊಡೆದುಹಾಕಿದೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಮೂವತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು, ತಪ್ಪು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಗುರುವಾರ ನೀನು ಹೇಳುವುದನ್ನೆಲ್ಲ ಹೇಳಿ ಫೋನ್ ಇಟ್ಟುಬಿಟ್ಟೆ. ಫೋನಿನಲ್ಲಿ ನಾನು ಜಗಳಕ್ಕೆ ಲಾಯಕ್ಕಿಲ್ಲ, ಎರಡನೇ ಮಾತಿಗೇ ಹೇಳಬೇಕಾದ್ದು ಮರೆತುಹೋಗುತ್ತದೆ. ಕಾಗದದಲ್ಲಾದರೆ ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಅದಕ್ಕೇ ಅತ್ತಿಗೆ ಊಟದ ಮೇಜು ಒರೆಸಿದ ತಕ್ಷಣ ಹಾಳೆ ಹರಡಿಕೊಂಡು ಕೂತಿದ್ದೇನೆ. ಏನೇ ಇದು, ಮತ್ತೆ ಪಟ್ಟಿ ಶುರು ಮಾಡಿದ್ಯಾ ಅಂತ ಕೇಳಿದರು. ಈ ಸಲ ಒಂದೇ ತಪ್ಪಿನ ಪಟ್ಟಿ ಅಂದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ನಿನ್ನಿಂದ ಬೇಕಾಗಿರುವುದು ಏಳು ನಿಮಿಷ. ನಮ್ಮ ‘ಹಡಗಿನ’ ಧಾರಾವಾಹಿಯ ಕೊನೆಯ ಕಂತಿನ ಕೊನೆಯ ಏಳು ನಿಮಿಷ. ಅದೂ ನನಗಲ್ಲ, ನಮ್ಮ ಬಳಗದ ಕಂಪೌಂಡರಿಗೆ. ಅವರ ಕಣ್ಣಿನ ನರ ಒಣಗುತ್ತಿದೆ. ವರ್ಷ ತುಂಬುವುದರೊಳಗೆ ನೋಡೋದೆಲ್ಲ ನೋಡಿ ಮುಗಿಸಿಕೊಳ್ಳಿ ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರಂತೆ. ವರ್ಷ ತುಂಬಲು ಉಳಿದಿರುವುದು ಹತ್ತು ವಾರ. ಇಷ್ಟೇ ವಿಷಯ. ಆದರೆ ಇಷ್ಟನ್ನೇ ಬರೆದು ಕಳಿಸಿದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ. ಅದಕ್ಕೇ ಪೂರ್ತಿ ಓದು.

ಪ್ರೆಸ್ಸಿನಲ್ಲಿ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂರುತ್ತಿದ್ದ ದಿನಗಳನ್ನು ನೆನಪಿಸಿಕೋ. ನೀನು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ನಾನು ಕರಡಿನ ಮೇಲೆ ಬೆರಳಿಟ್ಟು ತಿದ್ದುತ್ತಿದ್ದೆ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಗುಬ್ಬಿಯ ಹಾಗೆ ಚಿಲಿಪಿಲಿ ಓದುತ್ತಿದ್ದುದಕ್ಕೇ ನಿನಗೆ ಆ ಹೆಸರು ಬಂತು. ಸಿಕ್ಕಿದ್ದಕ್ಕೆಲ್ಲ ಪಟ್ಟಿ ಮಾಡುತ್ತಿದ್ದುದಕ್ಕೆ ನನಗೆ ಪಟ್ಟಿಯಮ್ಮ ಅಂತ ನೀನು ಹೆಸರಿಟ್ಟೆ. ನೀನು ಓದಿದ್ದನ್ನು ನಂಬಿ ನಾನು ತಿದ್ದುತ್ತಿದ್ದೆ. ಒಂದು ದಿನವೂ ನಿನ್ನ ಕೈಯಿಂದ ಮೂಲಪ್ರತಿ ತಿರುಗಿಸಿ ನೋಡಿದವಳಲ್ಲ. ಅದೇ ಅಭ್ಯಾಸ ಇಲ್ಲಿಯವರೆಗೂ ಬಂತು.

ಆ ಧಾರಾವಾಹಿ ಭಾನುವಾರ ಸಂಜೆ ಬರುತ್ತಿತ್ತು, ಐವತ್ತೆರಡು ವಾರ. ನದಿ ದಾಟಿಸುವ ಹಳೆಯ ಹಡಗು, ಈಜು ಬಾರದ ಕ್ಯಾಪ್ಟನ್, ಯಾವಾಗಲೂ ಗಾಳ ಹಾಕಿಕೊಂಡು ಕೂರುವ ಅಡುಗೆಯವನು, ಟಿಕೆಟ್ ಕೊಡುವ ಮುಂಗೋಪದ ಹೆಂಗಸು. ಸೋಮವಾರ ಬೆಳಿಗ್ಗೆ ಮೊದಲ ಅರ್ಧ ಗಂಟೆ ನಾವು ಒಂದು ಸಾಲನ್ನೂ ತಿದ್ದುತ್ತಿರಲಿಲ್ಲ. ನೀನು ಟಿಕೆಟ್ ಹೆಂಗಸಿನ ದನಿ ಮಾಡುತ್ತಿದ್ದೆ, ನಾನು ನಗು ತಡೆಯಲಾರದೆ ಮೇಜಿನ ಕೆಳಗೆ ತಲೆ ಹಾಕುತ್ತಿದ್ದೆ. ಫೋರ್‌ಮನ್ ಎರಡು ಸಲ ಬಂದು ಬೈದದ್ದು ನಿನಗೆ ಮರೆತಿರಲಾರದು.

ಆಮೇಲೆ ನೀನು ಪ್ರೆಸ್ಸು ಬಿಟ್ಟು ವಿಡಿಯೋ ಕಂಪನಿಗೆ ಗುಮಾಸ್ತೆಯಾಗಿ ಹೋದೆ. ಆ ಧಾರಾವಾಹಿಯನ್ನು ಕ್ಯಾಸೆಟ್ಟಿನಲ್ಲಿ ತರುವ ಹಕ್ಕು ಅದೇ ಕಂಪನಿಗೆ ಸಿಕ್ಕಿದಾಗ ನಾವಿಬ್ಬರೂ ಕುಣಿದಾಡಿದೆವು. ಒಂದೊಂದು ಕ್ಯಾಸೆಟ್ಟಿಗೆ ಎರಡೆರಡು ಕಂತು, ಒಟ್ಟು ಇಪ್ಪತ್ತಾರು. ಕೊನೆಯ ಕಂತು ಉಳಿದವಕ್ಕಿಂತ ಏಳು ನಿಮಿಷ ಉದ್ದ, ಕ್ಯಾಸೆಟ್ಟಿನಲ್ಲಿ ಹಿಡಿಸಲಿಲ್ಲ ಅಂತ ಕತ್ತರಿಸಿದರು. ಹೋಗಲಿ ಬಿಡು, ಜಾಗ ಇರಲಿಲ್ಲ ಅಂದುಕೊಂಡೆವು. ಡಿವಿಡಿ ಬಂದಾಗ ಜಾಗಕ್ಕೇನು ಬರಗಾಲವಿರಲಿಲ್ಲ, ಆದರೂ ಏಳು ನಿಮಿಷ ಬರಲಿಲ್ಲ. ಕ್ಯಾಸೆಟ್ಟಿನ ಪ್ರತಿಯಿಂದಲೇ ಡಿವಿಡಿ ಮಾಡಿದ್ದು ಅಂದೆ. ಮೂರನೆಯ ಸಲ ‘ಸಂಪೂರ್ಣ ಆವೃತ್ತಿ’ ಅಂತ ದೊಡ್ಡ ಅಕ್ಷರದಲ್ಲಿ ಬಂತು. ಅದರಲ್ಲೂ ಇರಲಿಲ್ಲ. ಇದೇ ಕೊನೆ ಕಣೇ, ಇನ್ನು ಗೋದಾಮಿನಲ್ಲಿ ಧೂಳು ಬಿಟ್ರೆ ಏನೂ ಉಳಿದಿಲ್ಲ, ನನ್ನಾಣೆ ಅಂತ ನೀನು ಹೇಳಿದೆ. ನಾನು ಹಾಗೆಯೇ ನಮ್ಮ ಬಳಗಕ್ಕೆ ಹೇಳಿದೆ.

ಬಳಗ ಅಂದರೆ ನಿನಗೆ ಗೊತ್ತೇ ಇದೆ. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳ ಎರಡನೇ ಭಾನುವಾರ ಸೇರುವ ಆರು ಜನ ಹುಚ್ಚರು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಒಂದೇ ಧಾರಾವಾಹಿ ಬೇರೆ ಬೇರೆ ಅಂಗಿ ತೊಟ್ಟು ಸಾಲಾಗಿ ನಿಂತಿದೆ. ಅತ್ತಿಗೆ ಒಂದು ಸಲ ಮೆಟ್ಟಿಲು ಹತ್ತಿ ಬಂದು ನೋಡಿ, ಒಂದೇ ಹಡಗಿಗೆ ಎಷ್ಟು ಸಲ ಟಿಕೆಟ್ ತಗೋತೀರೇ ನೀವು, ಅದು ಇನ್ನೂ ಆಚೆ ದಡ ಮುಟ್ಟಿಲ್ವಾ ಅಂತ ಕೇಳಿ ಹೋದರು. ಎಲ್ಲರೂ ನಕ್ಕೆವು. ನಮ್ಮ ಬಳಗದ ಬಸ್ ಕಂಡಕ್ಟರ್ ಮಾತ್ರ ನಗಲಿಲ್ಲ. ಟಿಕೆಟ್ಟಿನ ವಿಷಯದಲ್ಲಿ ಅವನಿಗೆ ತಮಾಷೆ ಆಗಿಬರುವುದಿಲ್ಲ.

‘ಸಂಪೂರ್ಣ ಆವೃತ್ತಿ’ ನೋಡಿ ನನಗೆ ತಲೆ ಕೆಟ್ಟುಹೋಯಿತು. ಹಳೆಯ ಚಿತ್ರದ ಗೀರುಗಳನ್ನು ಯಂತ್ರದಲ್ಲಿ ಒರೆಸಿದ್ದರಲ್ಲ, ಆ ಯಂತ್ರ ಅಡುಗೆಯವನ ಗಾಳದ ದಾರವನ್ನೂ ಗೀರು ಎಂದುಕೊಂಡು ಒರೆಸಿಬಿಟ್ಟಿತ್ತು. ಪಾಪದವನು ಬರೀ ಕೋಲು ಹಿಡಿದು ಕೂತಿದ್ದಾನೆ, ಮೀನು ತಾನಾಗಿಯೇ ನೀರಿನಿಂದೆದ್ದು ಗಾಳಿಯಲ್ಲಿ ತೇಲಿಕೊಂಡು ಅವನ ಕೈಗೆ ಬರುತ್ತದೆ! ಅಗಲ ಪರದೆಗೆ ಹೊಂದಿಸಲು ಹೋಗಿ ಕ್ಯಾಪ್ಟನ್ನನ ಟೋಪಿಯನ್ನು ಎಲ್ಲ ಕಂತುಗಳಲ್ಲೂ ಕತ್ತರಿಸಿದ್ದರು. ಮೂವತ್ತೊಂದನೇ ಕಂತಿನ ಜಾಗದಲ್ಲಿ ಮೂವತ್ತೆರಡು, ಆದ್ದರಿಂದ ಟಿಕೆಟ್ ಹೆಂಗಸು ಮೊದಲು ಕ್ಷಮೆ ಕೇಳಿ ಆಮೇಲೆ ಜಗಳವಾಡುತ್ತಾಳೆ. ಅಡುಗೆಯವನ ಹಾಡು ತೆಗೆದು ಯಾವುದೋ ಅಂಗಡಿಯಲ್ಲಿ ಹಾಕುವಂಥ ಸಂಗೀತ ತುರುಕಿದ್ದರು. ಮಾತು ತುಟಿಗಿಂತ ಮುಂದೆ ಓಡುತ್ತಿತ್ತು.

ಪುಸ್ತಕ ಅಚ್ಚಾದ ಮೇಲೆ ಕೊನೆಯಲ್ಲಿ ಒಂದು ಹಾಳೆ ಅಂಟಿಸುತ್ತೇವಲ್ಲ, ಇಂಥ ಪುಟದ ಇಂಥ ತಪ್ಪು, ಇದು ಸರಿ ಅಂತ, ಒಪ್ಪೋಲೆ. ಹಾಗೇ ಇಡೀ ಧಾರಾವಾಹಿಗೆ ಒಂದು ಒಪ್ಪೋಲೆ ಮಾಡಿದೆ. ಎಂಟು ತಿಂಗಳು ಹಿಡಿಯಿತು. ಕಂತು, ನಿಮಿಷ, ಸೆಕೆಂಡು, ತಪ್ಪು, ಸರಿ ಎಂದು ಐದು ಅಂಕಣ ಎಳೆದು ನಲವತ್ತು ಹಾಳೆ ತುಂಬಿಸಿದೆ. ಒಟ್ಟು ಇನ್ನೂರ ಹದಿನಾಲ್ಕು ತಪ್ಪು. ಕೊನೆಯದು ಆ ಏಳು ನಿಮಿಷ. ನಿನ್ನ ಮನೆಯ ಅಡುಗೆಕೋಣೆಯಲ್ಲಿ ಆ ಕಟ್ಟನ್ನು ನಿನ್ನ ಕೈಗಿಟ್ಟಾಗ ನೀನು ಹಾಳೆ ತಿರುವಿ, ಹುಚ್ಚಿ, ಇದಕ್ಕೆ ಸಂಬಳ ಕೊಡೋರು ಯಾರೇ ಅಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ಮೆಚ್ಚಿ ಅತ್ತೆ ಅಂದುಕೊಂಡೆ. ಅಷ್ಟು ಹೊತ್ತಿಗೆ ನೀನು ಹಳೆಯ ಸಂಗ್ರಹದ ವಿಭಾಗಕ್ಕೇ ಮುಖ್ಯಸ್ಥೆಯಾಗಿದ್ದೆ. ಇನ್ನೇನು ಬೇಕು, ನಮ್ಮವಳೇ ಒಳಗಿದ್ದಾಳೆ, ಎಲ್ಲ ಸರಿಮಾಡಿಸುತ್ತಾಳೆ ಅಂತ ನಾನು ನಿಶ್ಚಿಂತೆಯಿಂದ ಮನೆಗೆ ಬಂದೆ.

ನಾಲ್ಕನೆಯ ಸಲ ‘ಪರಿಷ್ಕೃತ ಆವೃತ್ತಿ’ ಬಂದಾಗ ಗಾಳಕ್ಕೆ ದಾರ ಬಂದಿತ್ತು. ಆ ಒಂದು ದಾರ ನೋಡಿ ನಾನು ಆ ದಿನ ಅತ್ತದ್ದು ಕಂಡಕ್ಟರನಿಗೆ ಗೊತ್ತು, ಕೇಳು. ಗುಬ್ಬಿ ನನ್ನ ಮಾತು ನಡೆಸಿಕೊಟ್ಟಳು ಎಂದು ಎಲ್ಲರೆದುರು ಹೇಳಿಕೊಂಡು ಮೆರೆದೆ. ಟೋಪಿ ಮಾತ್ರ ಇನ್ನೂ ಬಂದಿರಲಿಲ್ಲ, ಹಾಡೂ ಬಂದಿರಲಿಲ್ಲ. ಏನೋ ತೊಂದರೆ ಇರಬೇಕು, ಅವಳೊಬ್ಬಳ ಕೈಲಿ ಏನೆಲ್ಲ ಆಗುತ್ತೆ ಅಂತ ನಿನ್ನ ಪರವಾಗಿ ವಕಾಲತ್ತು ಮಾಡಿದವಳೂ ನಾನೇ. ಆ ಸಲವೂ ನೀನು ಇದೇ ಕೊನೆ ಅಂದಿದ್ದೆ. ನಮ್ಮ ಕೋಣೆಗೆ ಅತಿಥಿಯಾಗಿ ಬಂದು, ನೀನೇ ಪೆಟ್ಟಿಗೆಯ ಪ್ಲಾಸ್ಟಿಕ್ ಹರಿದು, ಎಲ್ಲರ ಜೊತೆ ಕೂತು ನೋಡಿದೆ.

ಅವತ್ತು ನೀನು ಕೂತಿದ್ದು ಕಂಪೌಂಡರ ಪಕ್ಕದಲ್ಲಿ. ಅವರು ಬಳಗಕ್ಕೆ ಬಂದು ಆಗಿನ್ನೂ ಎರಡು ವರ್ಷವಾಗಿತ್ತು. ಧಾರಾವಾಹಿಯ ಹುಚ್ಚು ಅವರಿಗೆ ಎಳ್ಳಷ್ಟೂ ಇಲ್ಲ, ಇವತ್ತಿಗೂ ಕ್ಯಾಪ್ಟನ್ ಯಾರು, ಅಡುಗೆಯವನು ಯಾರು ಅಂತ ಕೇಳುತ್ತಾರೆ. ಅವರು ಬಂದಿದ್ದು ಹೆಂಡತಿಗಾಗಿ. ಅವರ ಹೆಂಡತಿ ಮೂವತ್ತೊಂದು ವರ್ಷದ ಹಿಂದೆ, ಕೊನೆಯ ಕಂತಿನ ಶೂಟಿಂಗ್ ನದಿಯ ಕಟ್ಟೆಯಲ್ಲಿ ನಡೆದಾಗ, ಹಡಗನ್ನು ಬೀಳ್ಕೊಡುವ ಗುಂಪಿನಲ್ಲಿ ನಿಂತಿದ್ದರು. ಜನ ನುಗ್ಗಿದ ರಭಸಕ್ಕೆ ಚಪ್ಪಲಿ ಕಿತ್ತುಹೋಯಿತು. ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಇನ್ನೊಂದು ಕೈ ಬೀಸಿದರಂತೆ. ಕಂತು ಪ್ರಸಾರವಾದ ಸಂಜೆ ಇವರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಮನೆಗೆ ಬಂದರೆ ಆಕೆ ಬಾಗಿಲಲ್ಲೇ ನಿಂತು, ರೀ, ನಾನು ಟೀವೀಲಿ ಬಂದೆ, ಚಪ್ಪಲಿ ಸಮೇತ ಬಂದೆ ಅಂತ ಕುಣಿದರಂತೆ. ಇವರು, ಮತ್ತೆ ಹಾಕ್ತಾರೆ ಬಿಡು, ಆಗ ನೋಡಿದ್ರಾಯ್ತು ಅಂದರಂತೆ. ಮತ್ತೆ ಹಾಕಲಿಲ್ಲ. ಆಕೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಫೋಟೋ ಇವೆ. ಆದರೆ ಆಕೆ ನಡೆಯುವುದು, ನಗುವುದು, ಕೈ ಎತ್ತುವುದು ಇರುವುದು ಆ ಒಂದು ಕಡೆ ಮಾತ್ರ.

ಇದನ್ನೆಲ್ಲ ಅವರು ನಿನ್ನ ಪಕ್ಕ ಕೂತು ನಿನಗೇ ಹೇಳಿದರು. ನೀನು ಅವರ ಕೈ ಹಿಡಿದುಕೊಂಡೆ. ಸಿಕ್ಕಿದರೆ ಮೊದಲು ನಿಮಗೇ ತೋರಿಸ್ತೀನಿ ಸರ್ ಅಂದೆ. ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಈಗ ಐದನೆಯದಕ್ಕೆ ಬರುತ್ತೇನೆ. ಈ ತಿಂಗಳು ಬಂದಿರುವ ದೊಡ್ಡ ಪೆಟ್ಟಿಗೆ. ಜೊತೆಗೆ ಪ್ಲಾಸ್ಟಿಕ್ಕಿನ ಪುಟಾಣಿ ಹಡಗು, ಅಡುಗೆಯವನ ಚಿತ್ರದ ಬಟ್ಟಲು, ಕ್ಯಾಪ್ಟನ್ ಟೋಪಿಯ ಕೀಲಿಗೊಂಚಲು. ಪೆಟ್ಟಿಗೆಯ ಮೇಲೆ ‘ಹಿಂದೆಂದೂ ಕಾಣದ ದೃಶ್ಯಗಳೊಂದಿಗೆ’ ಎಂದು ಬಂಗಾರದ ಅಕ್ಷರ. ಈ ಸಲ ಖಂಡಿತ ಇರುತ್ತೆ ಅಂತ ಕಂಡಕ್ಟರ್ ಹೇಳಿದ, ನಾನೂ ಹೇಳಿದೆ. ಕಂಪೌಂಡರ್ ಆ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಏನ್ ಸರ್ ಇದು, ಮದುವೆಗೆ ಹೊರಟ ಹಾಗಿದೆ ಅಂತ ಕಂಡಕ್ಟರ್ ರೇಗಿಸಿದ. ಅವಳು ನನ್ನ ನೋಡಿ ಒಂಬತ್ತು ವರ್ಷ ಆಯ್ತಲ್ಲಪ್ಪ ಅಂದರು. ಅವರಿಗೀಗ ನೇರಕ್ಕೆ ನೋಡಿದರೆ ಮಧ್ಯದಲ್ಲಿ ಒಂದು ಬೂದಿ ಬಣ್ಣದ ಚುಕ್ಕೆ ಅಡ್ಡ ಬರುತ್ತದಂತೆ. ಅದಕ್ಕೆ ಮುಖ ಸ್ವಲ್ಪ ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ ಒಂದು ಬದಿಯಿಂದ ನೋಡುತ್ತಾರೆ. ಕುರ್ಚಿಯನ್ನು ಪರದೆಯಿಂದ ಒಂದು ಮೊಳದ ದೂರಕ್ಕೆ ಎಳೆದುಕೊಂಡು ಕೂತರು. ನಾವು ಐವರೂ ಹಿಂದೆ ನಿಂತಿದ್ದೆವು.

ಹಡಗು ಹೊರಡುವ ಸಿಳ್ಳೆ ಹಾಕಿತು. ಹೆಸರುಗಳು ಬಂದವು. ಅಷ್ಟೇ. ಹಿಂದೆ ಎಲ್ಲಿ ಕತ್ತರಿಸಿದ್ದರೋ ಅಲ್ಲೇ. ಹೆಸರುಗಳು ಮುಗಿಯುವವರೆಗೂ ಅವರು ಮುಖ ಓರೆ ಮಾಡಿಕೊಂಡೇ ಕೂತಿದ್ದರು, ಎಲ್ಲಾದರೂ ಬಂದು ತಪ್ಪಿಹೋದೀತು ಎಂದು. ಆಮೇಲೆ ನಮ್ಮ ಕಡೆ ತಿರುಗಿ, ಮುಂದಿನ ಸಲ ಹಾಕ್ತಾರೆ ಬಿಡಿ, ನೀವ್ಯಾಕೆ ಬೇಜಾರು ಮಾಡ್ಕೋತೀರಾ ಅಂದರು. ನಮಗೆ ಸಮಾಧಾನ ಹೇಳಿದವರು ಅವರು, ಗುಬ್ಬೀ!

ಪೆಟ್ಟಿಗೆಯ ಕೊನೆಯ ಡಿವಿಡಿಯನ್ನು ನಾನು ಮನೆಗೆ ತಂದೆ, ಅದರಲ್ಲಾದರೂ ಸೇರಿಸಿದ್ದಾರೇನೋ ಎಂಬ ಆಸೆಗೆ. ಅದು ‘ತೆರೆಯ ಹಿಂದೆ’ ಎಂಬ ಚಿತ್ರ. ಅದರಲ್ಲಿ ನೀನು ಬಂದೆ. ನೀಲಿ ಕನ್ನಡಕ, ಒಳ್ಳೆಯ ಕುರ್ಚಿ. ಅಭಿಮಾನಿಗಳೇ ನಮಗೆ ದಾರಿ ತೋರಿಸಿದವರು ಎಂದು ಹೇಳಿದೆ. ನೀನು ಮಾತಾಡುತ್ತಿರುವಾಗ ಕ್ಯಾಮೆರಾ ನಿಧಾನವಾಗಿ ನಿನ್ನ ಹಿಂದಿನ ಗೋಡೆಯ ಮೇಲೆ ಹೋಯಿತು. ಅಲ್ಲಿ ಹಾಳೆಗಳನ್ನು ಸಾಲಾಗಿ ಪಿನ್ನು ಹೊಡೆದಿದ್ದರು. ಐದು ಅಂಕಣ. ಅಂಥ ಅಂಕಣ ಎಳೆಯುವವಳು ಈ ಊರಲ್ಲಿ ಒಬ್ಬಳೇ.

ಚಿತ್ರ ನಿಲ್ಲಿಸಿದೆ. ಒಂದೊಂದೇ ಚೌಕಟ್ಟು ಮುಂದೆ ಸರಿಸಿದೆ. ಪ್ರೆಸ್ಸಿನ ಭೂತಗನ್ನಡಿ ಇನ್ನೂ ನನ್ನ ಹತ್ತಿರ ಇದೆ, ಅದನ್ನು ಪರದೆಗೆ ಹಿಡಿದು ಓದಿದೆ. ನನ್ನ ಅಕ್ಷರ. ಪ್ರತಿ ಸಾಲಿನ ಪಕ್ಕದಲ್ಲಿ ನಿನ್ನ ಪೆನ್ಸಿಲ್ಲಿನ ಗುರುತು, ಕೆಲವಕ್ಕೆ ಕೆಂಪು, ಕೆಲವಕ್ಕೆ ನೀಲಿ, ಕೆಲವಕ್ಕೆ ಹಸಿರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಗಾಳದ ದಾರ ಹುಡುಕಿದೆ, ಕೆಂಪು. ಅದು ನಾಲ್ಕನೆಯದರಲ್ಲಿ ಸರಿಯಾಯಿತು. ಅಡುಗೆಯವನ ಹಾಡು ನೀಲಿ. ಅದು ಈ ಸಲ ಬಂದಿದೆ. ಕ್ಯಾಪ್ಟನ್ನನ ಟೋಪಿ ಹಸಿರು, ಅದು ಇನ್ನೂ ಬಂದಿಲ್ಲ. ಇನ್ನೂರ ಹದಿನಾಲ್ಕನೆಯ ಸಾಲಿಗೂ ಹಸಿರು. ಅದರ ಮುಂದೆ ನಿನ್ನ ಅಕ್ಷರದಲ್ಲಿ ‘ಇದು ಎಲ್ಲಕ್ಕಿಂತ ಕೊನೆಗೆ’ ಎಂದಿತ್ತು.

ತಪ್ಪು ತಿದ್ದಿಸಲಿ ಎಂದು ನಾನು ಕೊಟ್ಟೆ, ನೀನು ಅದನ್ನೇ ಮಾರಾಟದ ಪಂಚಾಂಗ ಮಾಡಿಕೊಂಡೆ. ಇಷ್ಟು ತಪ್ಪು ಈ ವರ್ಷಕ್ಕೆ, ಇಷ್ಟು ಮುಂದಿನದಕ್ಕೆ. ನಮ್ಮ ಮೊಣಕೈಗೆ ಬೆಲ್ಲ ಹಚ್ಚಿ ಇಷ್ಟು ವರ್ಷ ನೆಕ್ಕಿಸಿದೆಯಲ್ಲೇ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೊರಗಿನವರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನನ್ನ ಎಂಟು ತಿಂಗಳ ಕಣ್ಣುರಿಯನ್ನು ನೀನು ಬಣ್ಣದ ಪೆನ್ಸಿಲ್ಲಿನಲ್ಲಿ ಪಾಲು ಮಾಡಿದೆ. ಇದೇ ಕೊನೆ ಎಂದು ನೀನು ಹೇಳಿದಾಗಲೆಲ್ಲ ನಾನು ಆ ಐವರ ಮುಂದೆ ನಿಂತು ಅದನ್ನೇ ಒಪ್ಪಿಸಿದೆ. ಸುಳ್ಳು ನಿನ್ನದು, ನಾಲಿಗೆ ನನ್ನದು.

ನಿನ್ನ ವಾದವನ್ನೂ ಬರೆಯುತ್ತೇನೆ, ಅನ್ಯಾಯ ಮಾಡಿದೆ ಎನ್ನಬೇಡ. ಗುರುವಾರ ನೀನು ಹೇಳಿದ್ದು ಹೀಗೆ. ಮೂರನೆಯದಾದ ಮೇಲೆ ನಿನ್ನ ವಿಭಾಗವನ್ನೇ ಮುಚ್ಚುವುದೆಂದು ತೀರ್ಮಾನವಾಗಿತ್ತು. ಹಳೆಯ ರೀಲುಗಳನ್ನೆಲ್ಲ ಗುಜರಿಗೆ ಹಾಕಲು ಲಾರಿಗೂ ಹೇಳಿಯಾಗಿತ್ತು. ನೀನು ನನ್ನ ಪಟ್ಟಿ ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗಿ, ಇದರಲ್ಲಿ ಇನ್ನೂ ಮೂರು ಆವೃತ್ತಿಗೆ ಆಗುವಷ್ಟು ಕೆಲಸ ಇದೆ ಎಂದು ತೋರಿಸಿದೆ. ಒಂದೇ ಸಲ ಎಲ್ಲ ಸರಿಮಾಡಿ ಕೊಟ್ಟಿದ್ರೆ ಮಾರನೇ ದಿನವೇ ಬೀಗ ಬೀಳ್ತಿತ್ತು ಕಣೇ, ಆ ಏಳು ನಿಮಿಷದ ರೀಲೂ ಲಾರಿ ಹತ್ತಿಬಿಡ್ತಿತ್ತು, ನಿನ್ನ ಪಟ್ಟಿಯಿಂದಲೇ ಅದು ಉಳೀತು ಅಂದೆ. ಇದು ನಿಜವೇ ಇರಬಹುದು. ನನಗೆ ಬೇಸರವಾದದ್ದು, ನಿಜವಾದರೆ ಯಾಕೆ ಹೇಳಲಿಲ್ಲ ಎಂದು. ಹೇಳಿದ್ದರೆ ನಾನೇ ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದೆನೇನೋ. ನೀನು ನನ್ನನ್ನು ಗಿರಾಕಿ ಮಾಡಿಕೊಂಡೆ.

ಆ ಹಸಿರು ಗುರುತು ಹಾಕಿದ್ದು ಕಂಪೌಂಡರ್ ನಿನಗೆ ಚಪ್ಪಲಿಯ ಕಥೆ ಹೇಳುವ ಮೊದಲೋ, ಆಮೇಲೋ ಎಂದು ಕೇಳಿದೆ. ಅಲ್ಲಿಗೆ ನೀನು ಫೋನ್ ಇಟ್ಟೆ.

ನಾನಿನ್ನೂ ಬಳಗದಲ್ಲಿ ಯಾರಿಗೂ ಹೇಳಿಲ್ಲ. ಕಂಡಕ್ಟರನಿಗೆ ಗೊತ್ತಾದರೆ ಐದು ಆವೃತ್ತಿಗಳನ್ನೂ ಮೂಟೆ ಕಟ್ಟಿಕೊಂಡು ಬಂದು ನಿನ್ನ ಆಫೀಸಿನ ಮೆಟ್ಟಿಲ ಮೇಲೆ ಸುರಿಯುತ್ತಾನೆ. ನನಗೆ ಅದು ಬೇಡ. ಆರನೆಯ ಪೆಟ್ಟಿಗೆ ಇನ್ನೆರಡು ವರ್ಷಕ್ಕೆ ಅಂತ ನೀನೇ ಹೇಳಿದೆ. ಬರಲಿ, ನಿಮ್ಮ ಗುಟ್ಟು ನಿಮಗೇ ಇರಲಿ. ಆ ಏಳು ನಿಮಿಷವನ್ನು ಒಂದು ಡಿವಿಡಿಗೆ ಹಾಕಿ ಕಳಿಸು. ಹೆಸರು ಬೇಡ, ಚೀಟಿ ಬೇಡ. ಅವರು ನೋಡಿದ ಮೇಲೆ ನಾನೇ ಅದನ್ನು ಮುರಿದು, ಚೂರುಗಳನ್ನು ನಿನಗೆ ಅಂಚೆಯಲ್ಲಿ ವಾಪಸು ಕಳಿಸುತ್ತೇನೆ. ಬೇಕಾದರೆ ಬರೆದುಕೊಡುತ್ತೇನೆ.

ಏಳು ನಿಮಿಷವೂ ಕೊಡಲಾಗದಿದ್ದರೆ ಹನ್ನೊಂದು ಸೆಕೆಂಡು ಕೊಡು. ಹಡಗು ಕಟ್ಟೆ ಬಿಟ್ಟ ಮೇಲೆ ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಎಡದಿಂದ ಮೂರನೆಯವರು ಆಕೆ. ಎಡಗೈಯಲ್ಲಿ ಚಪ್ಪಲಿ, ಬಲಗೈ ಬೀಸುತ್ತಿರುತ್ತಾರೆ. ಕೊಡೆ ಹಿಡಿದವನೊಬ್ಬ ಅಡ್ಡ ಬರುತ್ತಾನೆ, ಆಕೆ ಅವನನ್ನು ಮೊಣಕೈಯಿಂದ ತಿವಿದು ಮುಂದೆ ಬರುತ್ತಾರೆ. ಮರೆತು ಚಪ್ಪಲಿಯ ಕೈಯನ್ನೇ ಮೇಲೆತ್ತುತ್ತಾರೆ, ಗೊತ್ತಾಗಿ ಬಾಯಿ ಮುಚ್ಚಿಕೊಂಡು ನಗುತ್ತಾರೆ, ಒಂದು ಕ್ಷಣ ನೇರವಾಗಿ ಕ್ಯಾಮೆರಾ ನೋಡುತ್ತಾರೆ. ಅಲ್ಲಿಗೆ ದೃಶ್ಯ ಹಡಗಿನ ಕಡೆ ಹೋಗುತ್ತದೆ. ಅಷ್ಟನ್ನು ಕತ್ತರಿಸಿ ಕಳಿಸು. ಕತ್ತರಿಸುವುದರಲ್ಲಿ ನೀವು ಪಳಗಿದವರು.

ಬೈಯುವುದು ಇನ್ನೂ ಬಹಳ ಇತ್ತು. ಅತ್ತಿಗೆ ಕಾಫಿ ತಂದಿಟ್ಟು, ಯಾರಿಗೇ ಇಷ್ಟುದ್ದ ಅಂತ ಕೇಳಿದರು. ಗುಬ್ಬಿಗೆ ಅಂದೆ. ನಾನೂ ಕೇಳಿದೆ ಅಂತ ಬರಿ ಅಂದರು. ಬರೆದಿದ್ದೇನೆ.

ಇಷ್ಟಾದರೂ ನಿನ್ನವಳೇ ಆಗಿರುವ,
ಪಟ್ಟಿಯಮ್ಮ

ಮರೆತ ಮಾತು: ಕಾಗದ ಮಡಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಕೊಡೆಯವನನ್ನು ತಿವಿದದ್ದು, ನಕ್ಕದ್ದು, ಹನ್ನೊಂದು ಸೆಕೆಂಡು, ಇದೆಲ್ಲ ನನಗೆ ಹೇಗೆ ಗೊತ್ತು ಎಂದು ನೀನು ಕೇಳದೆ ಬಿಡುವವಳಲ್ಲ. ಕೊನೆಯ ಕಂತು ಪ್ರಸಾರವಾದ ಸಂಜೆ ಅಣ್ಣನ ಹೊಸ ವಿಸಿಆರ್‌ನಲ್ಲಿ ಅದನ್ನು ಪೂರ್ತಿ ಹಿಡಿದಿಟ್ಟುಕೊಂಡಿದ್ದೆ. ಬಳಗದವರು ಕೇಳಿದಾಗ, ಅತ್ತಿಗೆ ಅದರ ಮೇಲೆ ಹೊಲಿಗೆ ಪಾಠ ರೆಕಾರ್ಡ್ ಮಾಡಿಬಿಟ್ಟರು ಎಂದು ಹೇಳಿದೆ. ನಿನಗೂ ಅದನ್ನೇ ಹೇಳಿದ್ದೆ. ಕಂಡಕ್ಟರ್ ಇವತ್ತಿಗೂ ಅತ್ತಿಗೆಯನ್ನು ಕಂಡರೆ ಮುಖ ಗಂಟು ಹಾಕುತ್ತಾನೆ, ಪಾಪ, ಅವರಿಗೆ ಯಾಕೆಂದು ಗೊತ್ತಿಲ್ಲ. ಯಾರ ಹತ್ತಿರವೂ ಇಲ್ಲದ್ದು ನನ್ನ ಹತ್ತಿರ ಇದೆ ಎಂಬ ಸುಖಕ್ಕೆ ಮುಚ್ಚಿಟ್ಟುಕೊಂಡೆ, ಬೇರೆ ಕಾರಣವಿಲ್ಲ. ಕಂಪೌಂಡರ್ ಬಂದು ಹೆಂಡತಿಯ ಕಥೆ ಹೇಳಿದ ದಿನ ಮನೆಗೆ ಬಂದು ಹಾಕಿ ನೋಡಿದೆ, ಆಕೆ ಸಿಕ್ಕಿದರು. ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಸುಳ್ಳು ಹೇಳಿದ್ದು ಬಯಲಾಗುತ್ತದಲ್ಲ ಎಂದು ಅದರ ಮುಂದಿನದಕ್ಕೆ ಹಾಕಿದೆ. ಹಾಗೆ ಎಂಟು ವರ್ಷ. ನಿನ್ನ ಪೆಟ್ಟಿಗೆಯಲ್ಲಿ ಬಂದುಬಿಟ್ಟರೆ ನಾನು ಹೇಳಬೇಕಾಗಿಯೇ ಇಲ್ಲ ಎಂದು ಕಾಯುತ್ತಿದ್ದೆ. ಹೋದ ಭಾನುವಾರ ಅವರು ಖಾಲಿ ಪರದೆ ನೋಡಿ ಎದ್ದ ಮೇಲೆ ಮನೆಗೆ ಬಂದು ಕ್ಯಾಸೆಟ್ಟು ತೆಗೆದೆ. ಟೇಪಿನ ಅಂಚಿನುದ್ದಕ್ಕೂ ಬಿಳಿ ಬೂಷ್ಟು. ಒರೆಸಿ ಹಾಕಿದೆ, ಯಂತ್ರ ಎಳೆದುಕೊಂಡು ನುಂಗಿಬಿಟ್ಟಿತು. ರಿಪೇರಿಯವನು ಸುಕ್ಕುಗಟ್ಟಿದ ಟೇಪನ್ನು ಬೆಳಕಿಗೆ ಹಿಡಿದು, ಇನ್ನು ಏನೂ ಬರಲ್ಲಮ್ಮ ಅಂದ. ಅದಾದ ಮೇಲೆಯೇ ನಾನು ‘ತೆರೆಯ ಹಿಂದೆ’ ಹಾಕಿ ನೋಡಿದ್ದು. ಈಗ ಆಕೆ ಇರುವುದು ನಿನ್ನ ಗೋದಾಮಿನಲ್ಲಿ ಮಾತ್ರ. ಬೇಗ ಕಳಿಸು. ಕ್ಯಾಸೆಟ್ಟಿನ ವಿಷಯ ಅವರಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಮೊದಲು ಅವರು ಆಕೆಯನ್ನು ನೋಡಲಿ, ಆಮೇಲೆ ಹೇಳುತ್ತೇನೆ.